ಕತಲ್ ಮತ್ತು ಕತ್ತಲು

ಸೌಹಾರ್ದದ ಸಭೆಗಳಿಗೆ ಕರೆದಾಗ ನಾವು ಸಾಮಾನ್ಯವಾಗಿ ಹೋಗುತ್ತೇವೆ. ವೇದಿಕೆಯ ಮೇಲೆ ಒಬ್ಬ ಸ್ವಾಮೀಜಿ, ಒಬ್ಬ ಮೌಲಾನಾ, ಒಬ್ಬ ಪಾದ್ರಿ ಇರುತ್ತಾರೆ. ಶಿಶುನಾಳ ಷರೀಫರ, ಗೋವಿಂದಭಟ್ಟರ ಹೆಸರು ಬರುತ್ತದೆ. ಎಲ್ಲ ಧರ್ಮಗಳೂ ಒಂದನ್ನೇ ಹೇಳುತ್ತವೆ ಎಂಬ ಮಾತಿಗೆ ಚಪ್ಪಾಳೆ ಬೀಳುತ್ತದೆ. ಚಹಾ ಕುಡಿದು ಅವರವರ ಓಣಿಗೆ ಮರಳುತ್ತೇವೆ. ಇಂಥ ಸಭೆಗಳು ಬೇಡವೆಂದಲ್ಲ. ಕೆಟ್ಟ ಕಾಲದಲ್ಲಿ ಅಷ್ಟಾದರೂ ನಡೆಯಬೇಕು. ಆದರೆ ಮನೆಗೆ ಬರುವಾಗ ಒಂದು ಪ್ರಶ್ನೆ ಬೆನ್ನುಬಿಡುವುದಿಲ್ಲ. ಎಲ್ಲ ಧರ್ಮಗಳೂ ಒಂದನ್ನೇ ಹೇಳುವುದಾದರೆ, ಪಕ್ಕದ ಮನೆಯವರ ಧರ್ಮ ಏನು ಹೇಳುತ್ತದೆಂದು ಕೇಳುವ ಅಗತ್ಯವೇ ನಮಗೆ ಉಳಿಯುವುದಿಲ್ಲವಲ್ಲ?

ನಮ್ಮ ಹಳ್ಳಿ ಹಳೆಯ ವಿಜಾಪುರ ಜಿಲ್ಲೆಯದು. ಮುಸ್ಲಿಮರ ಮನೆಗಳು ಏಳೋ ಎಂಟೋ. ಆದರೆ ಮೊಹರಂ ಬಂತೆಂದರೆ ಅದು ಊರಿಗೆ ಊರೇ ಮಾಡುವ ಹಬ್ಬ. ಮಸೂತಿಯ ಮುಂದೆ ಅಲಾಯಿ ಕುಣಿ ತೋಡುವವರು, ಕಟ್ಟಿಗೆ ತರುವವರು, ಹೆಜ್ಜೆ ಹಾಕುತ್ತ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವವರು, ಹರಕೆ ಹೊತ್ತು ಫಕೀರರಾಗುವವರು, ಇವರಲ್ಲಿ ಹೆಚ್ಚಿನವರು ಹಿಂದೂಗಳೇ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ಕಂಡವರಿಗೆ ಇದು ಹೊಸ ಸಂಗತಿಯಲ್ಲ. ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲಿ ಕೂಡ ಪಂಜಾ ಕೂಡಿಸುವುದುಂಟು.

ನಾವು ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿ ಎಂಟನೆಯದಕ್ಕೆ ಕನ್ನಡ ಹೈಸ್ಕೂಲು ಸೇರಿದ್ದು 1993ರ ಜೂನ್‌ನಲ್ಲಿ. ಬಾಬರಿ ಮಸೀದಿ ಉರುಳಿ ಆರು ತಿಂಗಳಾಗಿತ್ತು. ಮೊಹರಂ ಅದೇ ತಿಂಗಳ ಕೊನೆಗೆ ಬಂದಿತ್ತು. ಪಂಜಾಗಳಿದ್ದ ಪೆಟ್ಟಿಗೆಯ ಕೀಲಿ ನಮ್ಮ ಮನೆಯಲ್ಲಿರುತ್ತಿತ್ತು. ಆ ವರ್ಷ ಅಬ್ಬಾ ಪೆಟ್ಟಿಗೆ ತೆರೆಯಲಿಲ್ಲ. ಪಂಜಾ ಕೂಡಿಸುವುದಕ್ಕೆ ದೀನಿನಲ್ಲಿ ಆಧಾರವಿಲ್ಲವೆಂದು ಅವರಿಗೆ ಮನವರಿಕೆಯಾಗಿತ್ತು. ಊರಿಗೆ ಅದು ಗೊತ್ತಿರಲಿಲ್ಲ. ಚಂದ್ರ ಕಂಡು ಮೂರನೆಯ ದಿನ, ಪ್ರತಿವರ್ಷ ಪಂಜಾ ಹೊರುತ್ತಿದ್ದ ಲಿಂಗಾಯತ ಅಜ್ಜ ನಮ್ಮ ಕಟ್ಟೆಗೆ ಬಂದು ಕೂತರು.

"ಅಯೋಧ್ಯೆದ ಸಿಟ್ಟು ನಮ್ಮ ಮ್ಯಾಲ ಐತೇನು ತಮ್ಮಾ?"

ಅಬ್ಬಾ ಗಾಬರಿಯಾದರು. "ಇಲ್ರಿ ಕಾಕಾ, ಖರೇನ ಇಲ್ಲ" ಎಂದು ತಮ್ಮ ಕಾರಣವನ್ನು ಬಿಡಿಸಿ ಹೇಳಿದರು. ಅಜ್ಜ ಪೂರ್ತಿ ಕೇಳಿಸಿಕೊಂಡರು. "ಸಿಟ್ಟಿಲ್ಲಂದ್ರ ಆತು. ನಿನ್ನ ಧರ್ಮ ನಿನಗ ಗೊತ್ತು, ನೀ ಮುಟ್ಟಬ್ಯಾಡ. ಕೀಲಿ ಕೊಡು. ನಮ್ಮ ಮನಿ ಹರಕಿ ನಾವು ತೀರಸ್ತೀವಿ."

ಅಬ್ಬಾ ಕೀಲಿ ಕೊಟ್ಟರು. ಪಂಜಾ ಮುಟ್ಟಲಿಲ್ಲ, ತಲೆಬಾಗಲಿಲ್ಲ. ಆದರೆ ಬೆಳಗಿನವರೆಗೆ ಮಸೂತಿಯ ಕಟ್ಟೆಯ ಮೇಲೆ ಕೂತು, ಹಾಡಿ ದಣಿದವರಿಗೆ ನೀರು ಕೊಟ್ಟರು. ಕೀಲಿ ಕೊಟ್ಟದ್ದೂ ಪಾಪವೇ ಎಂದು ನಮ್ಮವರಲ್ಲಿ ಕೆಲವರು, ಹಿರಿಯರ ಪದ್ಧತಿ ಮುರಿದರೆಂದು ಇನ್ನು ಕೆಲವರು ಬಹಳ ದಿನ ಆಡಿಕೊಂಡರು.

ಕ್ರಿ.ಶ. 680ರಲ್ಲಿ ಪ್ರವಾದಿ(ಸ)ಯವರ ಮೊಮ್ಮಗ ಇಮಾಮ್ ಹುಸೇನರು ಕರ್ಬಲಾದಲ್ಲಿ ಹುತಾತ್ಮರಾದರು. ಅದರ ನೆನಪಿನ ರಾತ್ರಿಯನ್ನು ಉರ್ದುವಿನಲ್ಲಿ ಕತಲ್ ಕೀ ರಾತ್, ಅಂದರೆ ಕೊಲೆಯ ರಾತ್ರಿ ಎನ್ನುತ್ತೇವೆ. ನಮ್ಮೂರಿನವರ ಬಾಯಲ್ಲಿ ಅದು 'ಕತ್ತಲ ರಾತ್ರಿ'. ಆಗಷ್ಟೇ ಎರಡು ಭಾಷೆ ಬಲ್ಲವರಾಗಿದ್ದ ನಾವು ಅಂದು ಅಜ್ಜನನ್ನು ತಿದ್ದಲು ಹೋದೆವು. "ಅಜ್ಜಾ, ಅದು ಕತ್ತಲ ಅಲ್ಲ, ಕತಲ್" ಎಂದು ನಕ್ಕು ಅರ್ಥ ಹೇಳಿದೆವು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಥವ್ರನ್ನ ಕೊಂದ ರಾತ್ರಿ ಕತ್ತಲ ಆಗದ ಮತ್ತೇನ ಆಗ್ತದ?" ಅಂದರು. ನಮ್ಮ ನಗು ನಿಂತಿತು. ಪದ ತಪ್ಪಿದ್ದರೂ ಅವರಿಗೆ ದುಃಖ ತಿಳಿದಿತ್ತು. ಪದ ಸರಿಯಿದ್ದ ನಮಗೆ ಅದು ಅಷ್ಟು ತಿಳಿದಿರಲಿಲ್ಲ.

ಹತ್ತು ವರ್ಷಗಳ ನಂತರ ಅಜ್ಜ ತೀರಿಕೊಂಡರು. ಸುದ್ದಿ ತಿಳಿದು ಹೋದ ನಾವು ಸುಡುಗಾಡಿನಲ್ಲಿ ಚಿತೆ ಹುಡುಕುತ್ತಿದ್ದೆವು! ಅಲ್ಲಿ ಕುಣಿ ತೋಡಿತ್ತು. ಅಜ್ಜನನ್ನು ಕೂತ ಭಂಗಿಯಲ್ಲಿ ಇಳಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆ ಹಾಕಿ ಮಣ್ಣು ಮುಚ್ಚಿದರು. ನಮ್ಮಲ್ಲಿ ಕಬರಿಗೆ ಮೂರು ಹಿಡಿ ಮಣ್ಣು ಹಾಕುವಂತೆ ನಾವೂ ಹಾಕಿದೆವು. ಬಾಲ್ಯವಿಡೀ ಒಂದೇ ಓಣಿಯಲ್ಲಿದ್ದು, ಇವರೂ ನಮ್ಮಂತೆ ಹೂಳುವವರೆಂಬುದು ನಮಗೆ ಗೊತ್ತಿರಲಿಲ್ಲ. ಅಜ್ಜನ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ದಿನಾಲೂ ಕಂಡಿದ್ದೆವು. ಅದರಲ್ಲೇನಿದೆ, ಅದರೊಂದಿಗೆ ಅವರು ಬೆಳಿಗ್ಗೆ ಏನು ಮಾಡುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಅವರು ನಮ್ಮ ಇಮಾಮರನ್ನು ಹೆಗಲ ಮೇಲೆ ಹೊತ್ತಿದ್ದರು. ನಾವು ಅವರ ಬಸವಣ್ಣನವರನ್ನು ಪರೀಕ್ಷೆಯ ಅಂಕಗಳಿಗಾಗಿ ಓದಿದ್ದೆವು.

ನಮ್ಮ ಸಮುದಾಯ ಇಂದು ಇಸ್ಲಾಮಿನ ಬಗ್ಗೆ ಇತರರಿಗಿರುವ ತಪ್ಪು ತಿಳುವಳಿಕೆ ನೀಗಿಸಲು ಬಹಳ ದುಡಿಯುತ್ತಿದೆ. ಪುಸ್ತಕ ಹಂಚುತ್ತೇವೆ, ಮಸೀದಿಯ ಬಾಗಿಲು ತೆರೆದು ಕರೆಯುತ್ತೇವೆ. ಒಳ್ಳೆಯ ಕೆಲಸವೇ. ಆದರೆ ಅಲ್ಲೆಲ್ಲ ನಾವು ಹೇಳುವವರು, ಅವರು ಕೇಳುವವರು. ಸೂರಃ ಅಲ್-ಹುಜುರಾತ್‌ನ 13ನೆಯ ವಚನ ಮನುಷ್ಯರು ಬೇರೆ ಬೇರೆ ಜನಾಂಗಗಳಾಗಿರುವುದಕ್ಕೆ ಪರಸ್ಪರ ಪರಿಚಯವನ್ನು ಕಾರಣವಾಗಿ ಕೊಡುತ್ತದೆ. ಪರಸ್ಪರ ಎಂದ ಮೇಲೆ ಅದು ಒಂದು ಕಡೆಯಿಂದ ಮುಗಿಯುವ ಕೆಲಸವಲ್ಲ.

ಕೇಳಿದರೆ ಈಮಾನು ಸಡಿಲವಾದೀತೆಂದು ನಮ್ಮ ಕೆಲವು ತರುಣರು ಅಂಜುತ್ತಾರೆ. ಮೊಹರಮಿನ ಅದೇ ಹತ್ತನೆಯ ದಿನ, ಆಶೂರಾದ ಕುರಿತು ಹದೀಸಿನಲ್ಲಿರುವ ಪ್ರಸಂಗವನ್ನು ಅವರು ನೆನೆಯಬೇಕು. ಮದೀನಾದ ಯಹೂದಿಗಳು ಅಂದು ಉಪವಾಸವಿರುವುದನ್ನು ಕಂಡು ಪ್ರವಾದಿ(ಸ)ಯವರು ಏಕೆಂದು ಅವರನ್ನೇ ಕೇಳಿದರು. ಮೂಸಾರಿಗೆ ಬಿಡುಗಡೆ ಸಿಕ್ಕ ದಿನವೆಂದು ಅವರು ಹೇಳಿದಾಗ, ಮೂಸಾರು ನಮಗೂ ಹತ್ತಿರದವರೆಂದು ತಾವೂ ಉಪವಾಸವಿದ್ದರು. ಮುಂದೆ, ಬದುಕಿದ್ದರೆ ಬರುವ ವರ್ಷ ಒಂಬತ್ತನೆಯ ದಿನವೂ ಉಪವಾಸವಿರುವ ಇಚ್ಛೆಯನ್ನು ತಿಳಿಸಿದರು. ನಮ್ಮದು ಪ್ರತ್ಯೇಕವಾಗಿರಲೆಂದು ಅದರ ಅರ್ಥವನ್ನು ವಿದ್ವಾಂಸರು ಹೇಳುತ್ತಾರೆ. ಇಲ್ಲಿ ಕೇಳುವುದಿದೆ, ಕೂಡುವುದಿದೆ, ಬೇರೆಯಾಗಿ ಉಳಿಯುವುದೂ ಇದೆ. ಕೀಲಿ ಕೊಟ್ಟು ಕಟ್ಟೆಯ ಮೇಲೆ ಕೂತ ಅಬ್ಬಾ ತಮ್ಮ ಅಳವಿನಲ್ಲಿ ಇದನ್ನೇ ಮಾಡಿದ್ದರೇನೋ.

2022ರಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಫಲಕಗಳು ಎದ್ದವು. ನಮ್ಮನ್ನು ಹೊರಗಿಡುವವರ ಧರ್ಮವನ್ನು ನಾವೇಕೆ ತಿಳಿಯಬೇಕು ಎಂದು ಅಂದು ಹೊಟ್ಟೆಗೆ ಪೆಟ್ಟು ತಿಂದವರು ಕೇಳಿದರೆ ಅದು ನ್ಯಾಯವಾದ ಸಿಟ್ಟು. ಅನ್ಯಾಯವನ್ನು ಅನ್ಯಾಯವೆಂದೇ ಹೇಳಬೇಕು, ಹೋರಾಡಬೇಕು. ಆದರೆ ಫಲಕ ಕಟ್ಟಿದವನನ್ನೂ ಪಂಜಾ ಹೊತ್ತ ಅಜ್ಜನನ್ನೂ ನಾವು ಒಂದೇ ಎಂದು ಎಣಿಸಿದರೆ ಗೆಲ್ಲುವವನು ಫಲಕ ಕಟ್ಟಿದವನೇ. ಇಬ್ಬರನ್ನೂ ಬೇರೆಯಾಗಿ ಕಾಣಬೇಕಾದರೆ ಅಜ್ಜನನ್ನು ನಾವು ಬಲ್ಲವರಾಗಿರಬೇಕು.

ಅಂದು ಆ ಅಜ್ಜ ಸಂಶಯವನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಯಲ್ಲೇ ಕೂತಿದ್ದರೆ ನಮ್ಮೂರಿನ ಕಥೆ ಬೇರೆಯೇ ಆಗುತ್ತಿತ್ತು. ಅವರು ಎದ್ದು ಬಂದು ಕೇಳಿದರು. ಅವರಿಗೆ ಕೇಳಬೇಕಾಗಿದ್ದನ್ನು ನಾವು ಈಗ ಅವರ ಮೊಮ್ಮಗನಿಗೆ ಕೇಳುತ್ತಿದ್ದೇವೆ. ಕರಡಿಗೆಯ ಬಗ್ಗೆ ಅವನಿಗೂ ಪೂರ್ತಿ ಗೊತ್ತಿಲ್ಲ. ಮನೆಯಲ್ಲಿ ಅವ್ವನನ್ನು ಕೇಳಿ ಹೇಳುತ್ತೇನೆ ಎಂದಿದ್ದಾನೆ.