ಬಾಗಿಲು ತೆರೆದಿದ್ದರೆ ಸಾಕೇ?

ದೊಡ್ಡಬಳ್ಳಾಪುರದ ಸೀಮೆಯಲ್ಲಿ ಒಂದು ದರ್ಗಾ ಇದೆ. ಅದರ ಹೆಸರು ಇಲ್ಲಿ ಬೇಡ. ನಾವು ಹೇಳಹೊರಟ ಮಾತು ಯಾವ ಊರಿಗಾದರೂ ಹೊಂದುವಂಥದ್ದು. ನಮ್ಮ ಬಾಲ್ಯದ ಗುರುವಾರದ ಸಂಜೆಗಳೆಲ್ಲ ಅಲ್ಲಿಯೇ ಕಳೆದವು. ಅಮ್ಮಿ ನಮ್ಮ ಕೈಗೆ ಸಕ್ಕರೆ ಪೊಟ್ಟಣ, ಊದುಬತ್ತಿ ಕೊಟ್ಟು ಮುಂದೆ ನಡೆಯುತ್ತಿದ್ದರು. ಮಗ್ಗದ ಮನೆಯ ಹೆಂಗಸರು, ಜ್ವರದ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹಳ್ಳಿಯಿಂದ ಬಂದ ಸೊಸೆಯರು, ಹೂ ಮಾರುವ ಅಜ್ಜಿ, ಬುರ್ಖಾ ತೊಟ್ಟವರು, ತೊಡದವರು ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಮುಜಾವರರು ಸಕ್ಕರೆಯ ಮೇಲೆ ಫಾತೆಹಾ ಓದಿ, ನವಿಲುಗರಿಯ ಕಟ್ಟಿನಿಂದ ತಲೆ ಸವರಿ ಕಳಿಸುತ್ತಿದ್ದರು. ‘ನೀವು ಯಾವ ಪೈಕಿ?’ ಎಂದು ಅವರು ಯಾರನ್ನೂ ಕೇಳಿದ್ದು ನಮಗೆ ನೆನಪಿಲ್ಲ.

ಈ ಕೇಳದಿರುವುದೇ ನಮ್ಮ ಹೆಮ್ಮೆ. ಸೌಹಾರ್ದ ಸಭೆಗಳಲ್ಲಿ ಮಾತನಾಡುವ ಪ್ರಸಂಗ ಬಂದಾಗಲೆಲ್ಲ ನಾವು ಇದನ್ನೇ ಹೇಳಿದ್ದೇವೆ. ಉದಾರ ಧರ್ಮವೆಂದರೆ ಬಾಗಿಲಿಲ್ಲದ ಮನೆ ಎಂದಿದ್ದೇವೆ. ಚಪ್ಪಾಳೆಯೂ ಬಿದ್ದಿದೆ. ಆ ಮಾತು ಅರ್ಧ ಮಾತ್ರ ನಿಜವೆಂದು ತಿಳಿಯಲು ಒಬ್ಬ ಮುದುಕ ಸಾಯಬೇಕಾಯಿತು.

ಆತ ಎಂದೋ ಈ ಊರಿಗೆ ಕಂಡಿಕೆ ಸುತ್ತುವ ಕೂಲಿಗೆಂದು ಬಂದವನು. ಕಣ್ಣು ಮಂಜಾದ ಮೇಲೆ ದರ್ಗಾದ ಅಂಗಳ ಗುಡಿಸಿಕೊಂಡು ಅಲ್ಲಿಯೇ ಜಗಲಿಯಲ್ಲಿ ಮಲಗುತ್ತಿದ್ದ. ಎಲ್ಲರೂ ತಾತ ಎನ್ನುತ್ತಿದ್ದರು. ಉರುಸಿನ ಅನ್ನ ಉಣ್ಣುತ್ತಿದ್ದ, ಪಕ್ಕದ ಬೀದಿಯ ಮಾರಮ್ಮನ ಅಂಬಲಿಯನ್ನೂ ಕುಡಿಯುತ್ತಿದ್ದ. ತಲೆಗೆ ಕಟ್ಟಿದ ಬಟ್ಟೆಯಿಂದಲಾಗಲಿ, ಕರೆಯುತ್ತಿದ್ದ ದೇವರ ಹೆಸರಿನಿಂದಾಗಲಿ ಆತ ಯಾರೆಂದು ಹೇಳುವಂತಿರಲಿಲ್ಲ. ಮೂವತ್ತು ವರ್ಷ ಯಾರೂ ಕೇಳಲಿಲ್ಲ. ಸತ್ತ ದಿನ ಎಲ್ಲರೂ ಕೇಳಿದರು.

ಜಮಾತಿನ ರಿಜಿಸ್ಟರಿನಲ್ಲಿ ಆತನ ಹೆಸರಿರಲಿಲ್ಲ. ಕಲ್ಮಾ ಓದಿದವನೋ ಅಲ್ಲವೋ ತಿಳಿಯದೆ ಜನಾಜಾ ನಮಾಜು ಹೇಗೆ ಎಂದು ಮುತವಲ್ಲಿಯವರು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ದರ್ಗಾದವನಲ್ಲವೇ, ನಿಮ್ಮವನೇ ತಾನೆ ಎಂದು ಬೀದಿಯವರು ಹೇಳಿದರು. ಅದರಲ್ಲೂ ತಪ್ಪು ಹುಡುಕುವುದು ಕಷ್ಟ. ಮಧ್ಯಾಹ್ನದ ಹೊತ್ತಿಗೆ ಯಾರೋ ‘ವಾರಸುದಾರರಿಲ್ಲದ ಶವ’ ಎಂಬ ಮಾತನ್ನು ಆಡಿದರು. ಸಂಜೆ ಮುಜಾವರರು, ಆತನಿಗೆ ಹಿಂದೆ ಕೆಲಸ ಕೊಟ್ಟಿದ್ದ ಮಗ್ಗದ ಮಾಲೀಕರು, ಇಬ್ಬರು ಆಟೋ ಹುಡುಗರು ಸೇರಿ ಹೆಗಲು ಕೊಟ್ಟು ಊರಾಚೆಯ ಸಾರ್ವಜನಿಕ ಸ್ಮಶಾನದಲ್ಲಿ ಮಣ್ಣು ಮಾಡಿದರು. ಒಬ್ಬರು ಫಾತೆಹಾ ಓದಿದರು, ಒಬ್ಬರು ಕರ್ಪೂರ ಹಚ್ಚಿದರು. ನಾವೂ ಅಲ್ಲಿದ್ದೆವು. ಆದರೆ ಆ ನಾಲ್ಕು ಹೆಗಲುಗಳಲ್ಲಿ ನಮ್ಮದು ಇರಲಿಲ್ಲ. ಬೆಳಗಿನಿಂದ ಎರಡು ಕಡೆಯ ವಾದವನ್ನೂ ಕೇಳುತ್ತ, ಇದನ್ನು ಕಥೆ ಮಾಡಬಹುದೇ ಎಂದು ಯೋಚಿಸುತ್ತ ನಿಂತಿದ್ದೆವು.

ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಜಾತಿ ಕೇಳದೆ ಒಳಗೆ ಬಿಟ್ಟುಕೊಂಡಿದ್ದು ಗೌರವದಿಂದಲೋ, ಅಲಕ್ಷ್ಯದಿಂದಲೋ? ಜಾತಿಯನ್ನು ಕೇಳದ ನಾವು ಊರನ್ನೂ ಕೇಳಿರಲಿಲ್ಲ. ಮಕ್ಕಳಿದ್ದಾರೆಯೇ, ಕಣ್ಣಿಗೆ ಔಷಧ ಹಾಕಿಸಿದೆಯಾ, ನಿನ್ನೆ ರಾತ್ರಿ ಉಂಡೆಯಾ ಎಂದೂ ಕೇಳಿರಲಿಲ್ಲ. ಎರಡು ಬಗೆಯ ಕೇಳದಿರುವಿಕೆಯೂ ಹೊರಗಿನಿಂದ ನೋಡಿದರೆ ಒಂದೇ ರೀತಿ ಕಾಣುತ್ತವೆ.

ಜಮಾತಿನ ಕಟ್ಟುನಿಟ್ಟನ್ನು ನಾವು ಕಥೆಗಾರರು ಸುಲಭವಾಗಿ ಬೈಯುತ್ತೇವೆ. ಚಂದಾ ಬಾಕಿ ಇದೆಯೇ, ನಿಕಾಹ್‌ಗೆ ಹೇಳಿದಿರಾ, ಯಾವ ಮಸೀದಿಯ ಕಡೆಯವರು ಎಂದು ಅದು ಕೇಳುತ್ತದೆ. ಕೇಳಿ ಬೇಸರಪಡಿಸುತ್ತದೆ, ಕೆಲವೊಮ್ಮೆ ನೋಯಿಸುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಮನೆಯಲ್ಲಿ ಸಾವಾದರೆ ಕಫನು, ಗುಸುಲು, ಗುಂಡಿ ತೋಡುವವರು ಎಲ್ಲವೂ ಒಂದು ಫೋನಿಗೆ ಬರುತ್ತವೆ. ಶರೀಅತ್ತಿನಲ್ಲಿ ಇದಕ್ಕೆ ಫರ್ಜ್ ಕಿಫಾಯಾ ಎನ್ನುತ್ತಾರೆ. ಕೆಲವರು ಮಾಡಿದರೆ ಎಲ್ಲರ ಹೊಣೆ ತೀರುತ್ತದೆ, ಯಾರೂ ಮಾಡದಿದ್ದರೆ ಇಡೀ ಊರಿಗೆ ಪಾಪ. ಒಬ್ಬ ಸತ್ತಾಗ ಯಾರಿಗೆ ಪಾಪ ತಗಲುತ್ತದೋ ಅವರೇ ಅವನ ಜನ. ಸೇರಿದವನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಅರ್ಥ ನಮಗೆ ಬೇರೆಲ್ಲೂ ಸಿಕ್ಕಿಲ್ಲ.

ಹಾಗಾದರೆ ರಿಜಿಸ್ಟರಿನಾಚೆಯವರಿಗೆ ಹೊಣೆಯೇ ಇಲ್ಲವೇ? ಹದೀಸಿನಲ್ಲಿ ಒಂದು ಪ್ರಸಂಗ ಬರುತ್ತದೆ. ಎದುರಿಗೆ ಶವಯಾತ್ರೆಯೊಂದು ಹಾದುಹೋದಾಗ ಪ್ರವಾದಿಯವರು ಎದ್ದು ನಿಂತರು. ಅದು ಯಹೂದಿಯದು ಎಂದು ಜೊತೆಯವರು ಹೇಳಿದಾಗ, ಅದೂ ಒಂದು ಜೀವವಲ್ಲವೇ ಎಂಬ ಅರ್ಥದಲ್ಲಿ ಮರುಪ್ರಶ್ನೆ ಹಾಕಿದರು. ಸತ್ತವನು ಯಾರೆಂದು ತಿಳಿದ ಮೇಲೂ ಅವರು ಎದ್ದುದನ್ನು ತಪ್ಪೆಂದುಕೊಳ್ಳಲಿಲ್ಲ. ನಮಾಜಿನ ವಿಧಿಗೆ ಮಿತಿಯಿದೆ, ಗೌರವಕ್ಕೆ ಮಿತಿಯಿಲ್ಲ. ತಾತನ ವಿಷಯದಲ್ಲಿ ನಾವು ಮೊದಲನೆಯದನ್ನು ಚರ್ಚಿಸುತ್ತ ಎರಡನೆಯದನ್ನು ಮರೆತೆವು.

ಹೆಂಗಸರ ವಿಷಯದಲ್ಲೂ ಇದೇ ಕಥೆ. 2023ರ ಫೆಬ್ರವರಿಯಲ್ಲಿ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ, ಹೆಂಗಸರು ಮಸೀದಿಗೆ ಹೋಗಿ ನಮಾಜು ಮಾಡಲು ಅಡ್ಡಿಯಿಲ್ಲ ಎಂದು ಹೇಳಿತು. ಸಂತೋಷ. ಆದರೆ ವುಜೂ ಮಾಡಲು ಅವರಿಗೆ ನಲ್ಲಿ ಎಲ್ಲಿದೆ? ಒಳಗೆ ಬರುವ ಬಾಗಿಲು ಯಾವುದು? ಎಷ್ಟು ಊರುಗಳಲ್ಲಿ ನಾವು ಇದಕ್ಕೆ ಉತ್ತರ ಕೊಡಬಲ್ಲೆವು? ಅಮ್ಮಿ ಗುರುವಾರ ದರ್ಗಾದ ಹೊಸ್ತಿಲವರೆಗೆ ಬಂದು ನಿಲ್ಲುತ್ತಿದ್ದರು, ಶುಕ್ರವಾರ ಮನೆಯಲ್ಲಿ ಉಳಿಯುತ್ತಿದ್ದರು. ಬೇಡವೆಂದು ಯಾರೂ ಅವರಿಗೆ ಹೇಳಲಿಲ್ಲ. ಬನ್ನಿ ಎಂದೂ ಹೇಳಲಿಲ್ಲ. ಅಡ್ಡಿಯಿಲ್ಲ ಎನ್ನುವುದು ಬೇರೆ, ಜಾಗ ಮಾಡುವುದು ಬೇರೆ.

ಜಾಗ ಮಾಡುವುದು ಹೇಗೆಂದು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ದೇವನಹಳ್ಳಿ, ಹೊಸಕೋಟೆಗಳಲ್ಲೂ ಕರಗ ನಡೆಯುತ್ತದೆ. ಬೆಂಗಳೂರಿನ ಧರ್ಮರಾಯಸ್ವಾಮಿ ದೇವಸ್ಥಾನದ ಕರಗವಂತೂ ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಬರುವುದು ಹಳೆಯ ಪದ್ಧತಿ. 2022ರಲ್ಲಿ ಕೆಲವರು ಇದು ಬೇಡವೆಂದು ತಕರಾರು ತೆಗೆದರು. ದರ್ಗಾದ ಕಡೆಯವರು ದೇವಸ್ಥಾನಕ್ಕೆ ಹೋಗಿ ಕರೆದರು, ದೇವಸ್ಥಾನದವರು ಪದ್ಧತಿ ಬಿಡಲಿಲ್ಲ, ಕರಗ ಬಂತು. ಪತ್ರಿಕೆಗಳು ಇದನ್ನು ಸಹಿಷ್ಣುತೆ ಎಂದವು. ನಮಗೆ ಅದು ಹೊಣೆ ಎನಿಸುತ್ತದೆ. ಒಂದು ಕಡೆಯವರಿಗೆ ಹೋಗುವ ಕರ್ತವ್ಯ, ಇನ್ನೊಂದು ಕಡೆಯವರಿಗೆ ಕಾದು ಬರಮಾಡಿಕೊಳ್ಳುವ ಕರ್ತವ್ಯ. ಯಾರ ಕರ್ತವ್ಯ ಏನೆಂದು ಇಬ್ಬರಿಗೂ ಗೊತ್ತಿದ್ದುದರಿಂದ ಅದು ಉಳಿಯಿತು. ಬರೀ ಒಳ್ಳೆಯ ಭಾವನೆ ಅಂಥ ರಾತ್ರಿಯಲ್ಲಿ ನಿಲ್ಲುತ್ತಿತ್ತೋ ಇಲ್ಲವೋ.

ಕನ್ನಡ ನಾಡಿನಲ್ಲಿ ತಿಳಿದೂ ತಿಳಿದೂ ಉದಾರವಾದ ಒಂದು ಪ್ರಾರ್ಥನಾ ಸಮುದಾಯವನ್ನು ಕಟ್ಟಲು ಹೊರಟವರು ಮಂಗಳೂರಿನ ಬ್ರಹ್ಮಸಮಾಜದವರು. ಅದು 1870ರ ಮಾತು. ಆ ಸಮಾಜದ ಮೂಲಪುರುಷ ರಾಮಮೋಹನ ರಾಯರ ಮೊದಮೊದಲ ಹೊತ್ತಗೆ ಫಾರಸಿಯಲ್ಲಿತ್ತು, ಅದರ ಮುನ್ನುಡಿ ಅರಬ್ಬಿಯಲ್ಲಿತ್ತು ಎಂಬುದನ್ನು ನಮ್ಮ ಉರ್ದು ಶಾಲೆಯಲ್ಲೂ ಹೇಳಲಿಲ್ಲ, ಕನ್ನಡ ಶಾಲೆಯಲ್ಲೂ ಹೇಳಲಿಲ್ಲ. ವಿಗ್ರಹವಿಲ್ಲ, ಜಾತಿಯಿಲ್ಲ, ಯಾರೂ ಬಂದು ಕೂಡಬಹುದು ಎಂಬ ಆ ಸಭೆ ಎಂದೂ ದೊಡ್ಡದಾಗಿ ಬೆಳೆಯಲಿಲ್ಲ. ಆದರೂ ಅದರಿಂದ ಕುದ್ಮುಲ್ ರಂಗರಾಯರಂಥ ಒಬ್ಬರು ಬಂದರು. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣರು ಅವರು. ದಲಿತರ ಮಕ್ಕಳಿಗೆ ಶಾಲೆ ತೆರೆದುದಕ್ಕೆ ಸ್ವಂತ ಜಾತಿಯವರಿಂದ ಬಹಿಷ್ಕಾರ ಉಂಡರು. 1928ರಲ್ಲಿ ತೀರಿಕೊಂಡಾಗ, ತಮ್ಮ ಶವವನ್ನು ದಲಿತರೇ ಹೊರಬೇಕೆಂಬುದು ಅವರ ಕೊನೆಯ ಆಸೆಯಾಗಿತ್ತು. ಎಲ್ಲರೂ ಒಂದೇ ಎಂದು ಅವರೂ ಹೇಳಬಹುದಿತ್ತು, ಹೇಳಿ ಮನೆಗೆ ಹೋಗಬಹುದಿತ್ತು. ಅವರು ಹೆಗಲುಗಳನ್ನು ಆರಿಸಿಕೊಂಡರು. ಮೊದಲು ತಾವು ಆ ಜನರ ಭಾರ ಹೊತ್ತಿದ್ದರಿಂದ ಕೇಳುವ ಹಕ್ಕೂ ಅವರಿಗಿತ್ತು.

ಹೊಸಕೋಟೆಯ ಕಡೆ ತೆಲುಗು ಕೇಳುತ್ತ ಬೆಳೆದವರಿಗೆ ಗೊತ್ತು, ಆ ಭಾಷೆಯಲ್ಲಿ ‘ನಾವು’ ಎಂಬುದಕ್ಕೆ ಎರಡು ಮಾತಿವೆ. ‘ಮನಂ’ ಎಂದರೆ ಕೇಳುತ್ತಿರುವ ನೀವೂ ಸೇರಿದ ನಾವು. ‘ಮೇಮು’ ಎಂದರೆ ನಿಮ್ಮನ್ನು ಬಿಟ್ಟ ನಾವು. ನಮ್ಮ ಮನೆಯ ಉರ್ದುವಿಗೂ ಬೀದಿಯ ಕನ್ನಡಕ್ಕೂ ಇರುವುದು ಒಂದೊಂದೇ. ಹೀಗಾಗಿ ‘ನಮ್ಮ ದರ್ಗಾ’ ಎಂದು ಎಷ್ಟು ವರ್ಷ ಹೇಳಿದರೂ ತಾತ ಅದರ ಒಳಗಿದ್ದನೋ ಹೊರಗಿದ್ದನೋ ಎಂದು ತೀರ್ಮಾನಿಸುವ ಕಷ್ಟ ನಮಗೆ ಬರಲಿಲ್ಲ.

ಈಗ ಆ ದರ್ಗಾದಲ್ಲಿ ಮುಜಾವರರು ಒಂದು ನೋಟುಬುಕ್ಕು ಇಟ್ಟಿದ್ದಾರೆ. ಜಗಲಿಯಲ್ಲಿ ಮಲಗುವವರ ಹೆಸರು, ಊರು, ಯಾರಿಗೆ ಸುದ್ದಿ ಮುಟ್ಟಿಸಬೇಕು, ತೀರಿಹೋದರೆ ಯಾವ ರೀತಿ ಮಾಡಬೇಕು ಎಂದು ಅವರನ್ನೇ ಕೇಳಿ ಬರೆದುಕೊಳ್ಳುತ್ತಾರೆ. ಹೀಗೆ ಕೇಳುವುದು ದರ್ಗಾದ ರೀತಿಯಲ್ಲ ಎಂದು ಕೆಲವರು ಆಕ್ಷೇಪಿಸಿದರು. ಮೊದಲು ಬರೆಸಿದ ಮುದುಕಿ ಜಾತಿಯ ಮಾತೆತ್ತಲಿಲ್ಲ, ಮಗಳು ಯಾವ ಊರಿನಲ್ಲಿದ್ದಾಳೆಂದು ಹೇಳಿದಳು. ಅಷ್ಟು ವರ್ಷ ಅವಳಿಗೊಬ್ಬ ಮಗಳಿದ್ದಾಳೆಂಬುದೇ ನಮಗೆ ಗೊತ್ತಿರಲಿಲ್ಲ.

ಆ ಪುಸ್ತಕದ ಕೊನೆಯ ಪುಟದಲ್ಲಿ ಇನ್ನೊಂದು ಪಟ್ಟಿಯಿದೆ, ಹೆಗಲು ಕೊಡುವವರದು. ನಮ್ಮ ಹೆಸರನ್ನು ತಡವಾಗಿ ಬರೆಸಿದ್ದೇವೆ. ಓದುಗರು ತಮ್ಮ ತಮ್ಮ ಊರಿನ ಮಸೀದಿ, ಗುಡಿ, ಚರ್ಚುಗಳಲ್ಲಿ ಇಂಥ ಪುಟವೊಂದು ಇದೆಯೇ ಎಂದು ವಿಚಾರಿಸಬೇಕು. ಇಲ್ಲವಾದರೆ ತೆರೆದ ಬಾಗಿಲಿನ ಬಗ್ಗೆ ಭಾಷಣ ಮಾಡುವುದನ್ನು ನಮ್ಮಂತೆ ಅವರೂ ಸ್ವಲ್ಪ ದಿನ ನಿಲ್ಲಿಸುವುದು ಒಳ್ಳೆಯದು.