ಆಟದ ಫಲಕ್ಕೆ ಹಕ್ಕುದಾರರು

ಆಡಿ ಗೆದ್ದವನ ಕೈಸೇರುವ ಹಣವನ್ನು ಅವನ ದುಡಿಮೆಗೆ ಸಂದ ಕೂಲಿಯೆಂದು ತಿಳಿಯಬೇಕೇ, ಊರು ಒಪ್ಪಿಸಿದ ಮರ್ಯಾದೆಯೆಂದು ತಿಳಿಯಬೇಕೇ, ಅಥವಾ ಹುಟ್ಟಿನಿಂದಲೇ ಬಂದ ಕಸುವಿಗೆ ಅವನು ವಸೂಲು ಮಾಡುವ ಬಾಡಿಗೆಯೆಂದು ತಿಳಿಯಬೇಕೇ ಎಂಬ ಪ್ರಶ್ನೆಗೆ ಒಂದೊಂದು ದೇಶವೂ ತನ್ನ ರೂಢಿಯ ಮೂಲಕವೇ ಉತ್ತರ ಕೊಟ್ಟಿದೆ. 19ನೆಯ ಶತಮಾನದ ನಡುಭಾಗದಿಂದಲೇ ಬೇಸ್‌ಬಾಲ್ ಪಂದ್ಯದ ಪ್ರತಿಯೊಂದು ಹೊಡೆತವನ್ನೂ ಕೋಷ್ಟಕಕ್ಕಿಳಿಸಿ ಪತ್ರಿಕೆಯಲ್ಲಿ ಅಚ್ಚು ಹಾಕುತ್ತ ಬಂದ ಅಮೆರಿಕದಲ್ಲಿ ಆಟಗಾರನ ಅಂಕಿಅಂಶವೂ ಸಂಬಳವೂ ಒಂದೇ ಉಸಿರಿನಲ್ಲಿ ಚರ್ಚೆಯಾಗುತ್ತವೆ. ಅಲ್ಲಿನ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಲೀಗುಗಳಲ್ಲಿ ತಂಡವೊಂದು ತನ್ನ ಆಟಗಾರರಿಗೆಲ್ಲ ಸೇರಿ ಕೊಡಬಹುದಾದ ಸಂಬಳಕ್ಕೆ ಮೇಲ್ಮಿತಿಯೂ ಇದೆ. ಯುರೋಪಿನ ಫುಟ್‌ಬಾಲ್ ಪ್ರೇಮಿಯ ನಾಲಿಗೆಯ ಮೇಲಿರುವುದು ಸಂಬಳಕ್ಕಿಂತ ಹೆಚ್ಚಾಗಿ ವರ್ಗಾವಣೆ ಶುಲ್ಕ, ಅಂದರೆ ಒಂದು ಕ್ಲಬ್ಬು ಇನ್ನೊಂದು ಕ್ಲಬ್ಬಿಗೆ ಆಟಗಾರನನ್ನು ಬಿಟ್ಟುಕೊಡಲು ಪಡೆಯುವ ಹಣ. 2017ರಲ್ಲಿ ನೇಮಾರ್‌ಗಾಗಿ ಪ್ಯಾರಿಸ್ಸಿನ ಕ್ಲಬ್ಬು ತೆತ್ತ 22.2 ಕೋಟಿ ಯೂರೋ ಇಂದಿಗೂ ಬಾಯಿಪಾಠವಾಗಿರುವ ಅಂಕಿ. ಭಾರತದಲ್ಲಾದರೋ ಕ್ರಿಕೆಟ್ ಆಟಗಾರರ ಹರಾಜೇ ಒಂದು ನೋಟವಾಗಿಬಿಟ್ಟಿದೆ: 2024ರ ನವೆಂಬರಿನಲ್ಲಿ ರಿಷಭ್ ಪಂತ್‌ಗೆ 27 ಕೋಟಿ ರೂಪಾಯಿಯ ಬಿಡ್ ಬಿದ್ದದ್ದನ್ನು ಜನ ಪಂದ್ಯವನ್ನು ನೋಡುವಷ್ಟೇ ಕುತೂಹಲದಿಂದ ಟಿವಿಯಲ್ಲಿ ನೋಡಿದರು.

ಜಪಾನಿನ ಸುಮೋ ಕುಸ್ತಿಯ ಕ್ರಮ ಇವೆಲ್ಲಕ್ಕಿಂತ ಬೇರೆ. ವರ್ಷಕ್ಕೆ ಆರು ಬಾರಿ, ಪ್ರತಿ ಪಂದ್ಯಾವಳಿಗೆ ಮುನ್ನ, ಪೈಲ್ವಾನರ ದರ್ಜೆಯನ್ನು ಕುಂಚದಿಂದ ಬರೆದ ಪಟ್ಟಿಯೊಂದು ಹೊರಬೀಳುತ್ತದೆ. ಮೇಲಿನ ಎರಡು ವಿಭಾಗಗಳಲ್ಲಿರುವವರಿಗೆ ತಿಂಗಳ ಸಂಬಳವುಂಟು, ಅದಕ್ಕಿಂತ ಕೆಳಗಿನವರಿಗೆ ಗರಡಿಯ ಊಟ, ವಸತಿ ಮತ್ತು ಅಲ್ಪ ಭತ್ಯೆ ಮಾತ್ರ. ಗೆದ್ದ ಪೈಲ್ವಾನ ಬಹುಮಾನದ ಲಕೋಟೆಯನ್ನು ಕುಕ್ಕರುಗಾಲಿನಲ್ಲಿ ಕುಳಿತು, ಗಾಳಿಯಲ್ಲಿ ಮೂರು ಬಾರಿ ಕೈಬೀಸಿ, ಸೃಷ್ಟಿಯ ಮೂರು ದೇವತೆಗಳಿಗೆ ಕೃತಜ್ಞತೆ ಸಲ್ಲಿಸಿದ ಮೇಲೆಯೇ ತೆಗೆದುಕೊಳ್ಳುತ್ತಾನೆ. ಹಣ ಅವನದೇ ಆದರೂ ಅದು ಅವನೊಬ್ಬನಿಂದಲೇ ಬಂದದ್ದಲ್ಲ ಎಂಬ ಭಾವನೆ ಆ ಕೈಬೀಸಿನಲ್ಲಿದೆ, ಮತ್ತು ಧರ್ಮಜಿಜ್ಞಾಸೆಗೆ ಬೇಕಾದ ಎಳೆ ಸಿಗುವುದು ಅಲ್ಲಿಯೇ.

ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಸೀಮೆಯಲ್ಲಿ ದೀಪಾವಳಿಯ ಬಲಿಪಾಡ್ಯಮಿಯಿಂದ ಶುರುವಾಗಿ ಮುಂದಿನ ಕೆಲವು ತಿಂಗಳು ಊರೂರಲ್ಲಿ ನಡೆಯುವ ಹೋರಿ ಹಬ್ಬವನ್ನು ಈ ದೃಷ್ಟಿಯಿಂದ ನೋಡಬಹುದು. ದನ ಬೆದರಿಸುವ ಸ್ಪರ್ಧೆಯೆಂದೂ ಕೊಬ್ಬರಿ ಹೋರಿ ಸ್ಪರ್ಧೆಯೆಂದೂ ಕರೆಯಲಾಗುವ ಈ ಆಟದಲ್ಲಿ ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ ಬಿಗಿದು, ಮೈಮೇಲೆ ಜೂಲ ಹೊದಿಸಿ, ಕೋಡಿಗೆ ಬಲೂನು ರಿಬ್ಬನ್ನು ಕಟ್ಟಿ, ಎರಡೂ ಬದಿಗೆ ಜನ ಕಿಕ್ಕಿರಿದ ಅಖಾಡದಲ್ಲಿ ಒಂದೊಂದಾಗಿ ಬಿಡುತ್ತಾರೆ. ಓಡಿಬರುವ ಹೋರಿಯ ಮೇಲೆರಗಿ ಕೊಬ್ಬರಿ ಹರಿಯಲು ಪೈಲ್ವಾನರು ಮುನ್ನುಗ್ಗುತ್ತಾರೆ. ಯಾರ ಕೈಗೂ ಕೊಬ್ಬರಿ ಕೊಡದೆ ಅಖಾಡ ದಾಟಿದ ಹೋರಿ ಗೆದ್ದಂತೆ. ಹುರುಳಿ, ಹತ್ತಿಕಾಳು, ಹಿಂಡಿ, ಹಾಲು, ಮೊಟ್ಟೆಗಳಿಂದ ವರ್ಷವಿಡೀ ಸಾಕಿದ ಹೋರಿಗೆ ದೇವರ ಹೆಸರನ್ನೋ ಸಿನಿಮಾ ನಾಯಕನ ಬಿರುದನ್ನೋ ಇಡುತ್ತಾರೆ, ಅದರ ಚಿತ್ರವುಳ್ಳ ಫ್ಲೆಕ್ಸು ಕಟ್ಟುತ್ತಾರೆ, ಅಭಿಮಾನಿ ಬಳಗ ಕಟ್ಟಿಕೊಳ್ಳುತ್ತಾರೆ. ಇಷ್ಟೆಲ್ಲ ಇದ್ದೂ ಈ ಆಟಕ್ಕೆ ಸರಾಸರಿಯಿಲ್ಲ, ದಾಖಲೆ ಪುಸ್ತಕವಿಲ್ಲ. ದೆಹಲಿಯಲ್ಲಿ 1999ರಲ್ಲಿ ಅನಿಲ್ ಕುಂಬ್ಳೆ 74 ರನ್ನಿಗೆ ಹತ್ತು ವಿಕೆಟ್ ಕಿತ್ತದ್ದನ್ನು ಥಟ್ಟನೆ ಹೇಳಬಲ್ಲ ಹುಡುಗನೇ ಹೋರಿಯ ವಿಷಯ ಬಂದಾಗ ಅಂಕಿಯನ್ನು ಮರೆತು ಹೆಸರನ್ನೂ ಊರನ್ನೂ ಅದು ನುಗ್ಗಿದ ರೀತಿಯನ್ನೂ ಹೇಳುತ್ತಾನೆ.

ಬಹುಮಾನವಾಗಿ ಬರುವ ಬೈಕು, ಬಂಗಾರ, ನಗದು ಹೋಗುವುದು ಹೋರಿಯ ಮಾಲೀಕನ ಮನೆಗೆ. ಇದೇನೂ ಈ ನಾಡಿನದೇ ವಿಶೇಷವಲ್ಲ. ಪ್ರಾಚೀನ ಗ್ರೀಸಿನ ಒಲಿಂಪಿಯಾದಲ್ಲಿ ರಥದ ಓಟ ಗೆದ್ದಾಗ ಆಲಿವ್ ಎಲೆಯ ಕಿರೀಟ ಸಲ್ಲುತ್ತಿದ್ದದ್ದು ಪ್ರಾಣದ ಹಂಗು ತೊರೆದ ಸಾರಥಿಗಲ್ಲ, ಕುದುರೆಗಳ ಒಡೆಯನಿಗೆ. ಕ್ರಿಸ್ತಪೂರ್ವ 396ರಲ್ಲಿ ಸ್ಪಾರ್ಟಾದ ರಾಜಪುತ್ರಿ ಕಿನಿಸ್ಕಾ ಹೀಗೆ ಒಡೆತನದ ಬಲದಿಂದಲೇ ಒಲಿಂಪಿಕ್ ವಿಜೇತಳಾದಳು. ಆಡಿದವನು ಬೇರೆ, ಫಲ ಉಂಡವನು ಬೇರೆ ಎಂಬ ಈ ಬಿರುಕಿಗೆ ಭಾರತೀಯ ದರ್ಶನಗಳು ಕರ್ತೃತ್ವ ಮತ್ತು ಭೋಕ್ತೃತ್ವ ಎಂಬ ಎರಡು ಪದಗಳನ್ನು ಬಳಸುತ್ತವೆ: ಮಾಡುವಿಕೆ ಒಂದು, ಅದರ ಫಲವನ್ನು ಅನುಭವಿಸುವಿಕೆ ಇನ್ನೊಂದು. ಕರ್ಮಸಿದ್ಧಾಂತದ ಪ್ರಕಾರ ಇವೆರಡೂ ಒಂದೇ ಜೀವದಲ್ಲಿ ಕೂಡಬೇಕು. ಅಖಾಡದಲ್ಲಿ ಅವು ಕೂಡುವುದಿಲ್ಲ.

ಆಟಕ್ಕೆ ಫಲವೇ ಬೇಡವೆನ್ನುವ ವಾದವೂ ಉಂಟು, ಮತ್ತು ಅದಕ್ಕೆ ಶಾಸ್ತ್ರಾಧಾರ ದೊಡ್ಡದು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ, ಎಲ್ಲವನ್ನೂ ಪಡೆದಿರುವ ಪರಬ್ರಹ್ಮ ಯಾವ ಪ್ರಯೋಜನಕ್ಕಾಗಿ ಜಗತ್ತನ್ನು ಸೃಷ್ಟಿಸಿತು ಎಂಬ ಆಕ್ಷೇಪಕ್ಕೆ ಲೀಲೆ, ಅಂದರೆ ಪ್ರಯೋಜನವನ್ನು ಬಯಸದ ಆಟ, ಎಂಬುದೇ ಸಮಾಧಾನವಾಗಿ ಬರುತ್ತದೆ. ಶಂಕರರು ಇದಕ್ಕೆ ಬಯಕೆಯೆಲ್ಲ ತೀರಿದ ರಾಜನ ವಿಹಾರವನ್ನು ದೃಷ್ಟಾಂತವಾಗಿ ಕೊಟ್ಟರೆ, ಮಧ್ವರು ಸುಖ ಉಕ್ಕಿದವನ ಕುಣಿತ ಹಾಡುಗಳನ್ನು ಕೊಡುತ್ತಾರೆ. ಮಧ್ವರ ಪರಂಪರೆ ಈ ಸೀಮೆಗೆ ಹೊರಗಿನದಲ್ಲ; 18ನೆಯ ಶತಮಾನದ ಉತ್ತರಾದಿ ಮಠದ ಯತಿ ಸತ್ಯಬೋಧತೀರ್ಥರ ವೃಂದಾವನ ಸವಣೂರಿನಲ್ಲಿಯೇ ಇದೆ. ಎರಡು ದೃಷ್ಟಾಂತಗಳಲ್ಲಿ ಮಧ್ವರದು ಮನುಷ್ಯನ ಆಟಕ್ಕೆ ಹೆಚ್ಚು ಹತ್ತಿರ ಬರುವಂತೆ ತೋರುತ್ತದೆ, ಏಕೆಂದರೆ ಉಕ್ಕುವ ಸುಖ ಬಡವನಲ್ಲಿಯೂ ಇರಬಲ್ಲದು; ಬಯಕೆ ತೀರಿದ ಸ್ಥಿತಿಯಾದರೋ ಅರಮನೆಯವರಿಗಷ್ಟೇ ಸುಲಭ. ಆಟವನ್ನು ಆಟಕ್ಕಾಗಿಯೇ ಆಡಬೇಕು, ಹಣ ಮುಟ್ಟಿದರೆ ಮೈಲಿಗೆ ಎಂಬ ಹವ್ಯಾಸಿ ತತ್ತ್ವವನ್ನು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಟ್ಟಿದವರೂ ಹೊಟ್ಟೆತುಂಬಿದವರೇ. 1912ರ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಅಮೆರಿಕದ ಮೂಲನಿವಾಸಿ ಜಿಮ್ ಥಾರ್ಪ್, ಅದಕ್ಕೆ ಮೊದಲು ಸಣ್ಣ ಬೇಸ್‌ಬಾಲ್ ತಂಡದಲ್ಲಿ ಅಲ್ಪ ಹಣಕ್ಕೆ ಆಡಿದ್ದನೆಂಬ ಕಾರಣಕ್ಕೆ ಮರುವರ್ಷ ಪದಕ ಕಳೆದುಕೊಂಡ. ಆ ಎರಡು ಸ್ಪರ್ಧೆಗಳ ಏಕೈಕ ವಿಜೇತನೆಂಬ ಮಾನ್ಯತೆ ಅವನ ಹೆಸರಿಗೆ ಮರಳಿ ಬಂದದ್ದು 2022ರಲ್ಲಿ, ಅವನು ಸತ್ತು ಸುಮಾರು 70 ವರ್ಷಗಳ ಮೇಲೆ. ಲೀಲೆಯ ತತ್ತ್ವ ಪೂರ್ಣನಾದ ದೇವರ ವಿಷಯದಲ್ಲಿ ಹೇಳಿದ್ದು. ಅದನ್ನು ಅಪೂರ್ಣರಾದ, ಹಸಿವುಳ್ಳ ಮನುಷ್ಯರ ಮೇಲೆ ನಿಯಮವಾಗಿ ಹೇರಿದಾಗ ಅನ್ಯಾಯ ಹುಟ್ಟುತ್ತದೆ.

ಶರಣರ ಕಾಯಕ ತತ್ತ್ವ ಈ ಗಂಟನ್ನು ಬೇರೆ ಬಗೆಯಲ್ಲಿ ಬಿಡಿಸುತ್ತದೆ. ಕಾಯಕವೆಂದರೆ ನಿಷ್ಠೆಯಿಂದ ಮಾಡುವ ದುಡಿಮೆ. ಅದರ ಗಳಿಕೆಯನ್ನು ಸಮುದಾಯಕ್ಕೆ ಒಪ್ಪಿಸುವುದು ದಾಸೋಹ. ಇಲ್ಲಿ ಸಂಪಾದನೆ ಮೈಲಿಗೆಯಲ್ಲ, ಅಗತ್ಯ ಮೀರಿದ ಸಂಪಾದನೆ ಮಾತ್ರ ಸಂಶಯಾಸ್ಪದ. ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಅವನ ಹೆಂಡತಿ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದ ಕಥೆ ಕನ್ನಡಿಗರಿಗೆ ಹೊಸದಲ್ಲ. ಆ ಅಳತೆಗೋಲಿನಿಂದ 27 ಕೋಟಿಯನ್ನು ಅಳೆಯುವುದು ಸುಲಭ, ಅಷ್ಟೇ ಅಗ್ಗವೂ ಹೌದು. ಅದಕ್ಕಿಂತ ಕಷ್ಟದ ಪ್ರಶ್ನೆಯೆಂದರೆ, ಲಕ್ಕಮ್ಮನ ಮನೆಯಲ್ಲಿ ಹೆಚ್ಚಾದ ಅಕ್ಕಿ ಯಾರದೆಂಬುದು ಗೊತ್ತಿತ್ತು, ಆಟದಲ್ಲಿ ಹೆಚ್ಚಾದದ್ದು ಯಾರ ಪಾಲಿನದು?

ಹಿರೇಕೆರೂರು ಸೀಮೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿಸ್ತಶಕ 1200ರ ಶಾಸನ ಇದಕ್ಕೊಂದು ಹಳೆಯ ಉತ್ತರ ಕೊಡುತ್ತದೆ. ಶೈವನಾದ ಏಕಾಂತದ ರಾಮಯ್ಯನು ಜೈನರೊಡನೆ ತನ್ನ ತಲೆಯನ್ನೇ ಪಣವಾಗಿಟ್ಟು, ಅದನ್ನು ಅರಿದುಕೊಂಡು ಶಿವನ ಕೃಪೆಯಿಂದ ಮರಳಿ ಪಡೆದನೆಂದೂ, ದೊರೆ ಬಿಜ್ಜಳನು ಅವನಿಗೆ ಜಯಪತ್ರ ಕೊಟ್ಟನೆಂದೂ ಅದು ಹೇಳುತ್ತದೆ. ಗೆದ್ದವನ ಕಡೆಯವರು ಬರೆಸಿದ ದಾಖಲೆ ಅದು, ಸೋತವರ ಮಾತು ಅದರಲ್ಲಿ ಕೇಳಿಸುವುದಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಅಂಕಿಅಂಶದ ಕೋಷ್ಟಕಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಇಲ್ಲಿ ಗಮನಿಸಬೇಕಾದದ್ದು ಬಹುಮಾನದ ದಾರಿ. ಬಿಜ್ಜಳನ ದತ್ತಿಯೂ, ಮುಂದೆ ಹಾನಗಲ್ಲಿನ ಕದಂಬ ಮಹಾಮಂಡಲೇಶ್ವರ ಕಾಮದೇವನು ಬಿಟ್ಟ ಊರಿನ ದತ್ತಿಯೂ ರಾಮಯ್ಯನ ಸ್ವಂತ ಆಸ್ತಿಯಾಗದೆ ಗುಡಿಯ ದೇವರಿಗೆ ಸಂದವು. ಜಯಪತ್ರ ಮನುಷ್ಯನಿಗೆ, ಭೂಮಿ ದೇವರಿಗೆ: ಕೀರ್ತಿಯನ್ನೂ ಫಲವನ್ನೂ ಹೀಗೆ ಬೇರ್ಪಡಿಸುವುದು ಆ ಕಾಲದವರಿಗೆ ಸಹಜವಾಗಿತ್ತು.

ಯೋಗ್ಯತೆಯನ್ನು ಅಳೆಯುವುದು ಹೇಗೆಂಬ ಪ್ರಶ್ನೆಯನ್ನು ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ನೇರವಾಗಿಯೇ ಎತ್ತಿಕೊಂಡರು. ಭತ್ತ, ರಾಗಿಗಳ ನಡುವೆ ಯಾವುದು ಶ್ರೇಷ್ಠವೆಂಬ ಜಗಳ ರಾಮನ ಮುಂದೆ ಬಂದಾಗ ಅವನು ಬೆಲೆಯನ್ನೂ ಕೇಳುವುದಿಲ್ಲ, ಉಣ್ಣುವವರ ಕುಲವನ್ನೂ ಕೇಳುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕೆಡುತ್ತದೆ, ರಾಗಿ ಉಳಿಯುತ್ತದೆ. ಅಳತೆಯೇ ಬೇಡವೆಂದು ಕನಕದಾಸರು ಹೇಳಲಿಲ್ಲ. ಯಾವುದನ್ನು ಅಳೆಯಬೇಕೆಂಬುದನ್ನು ಬದಲಿಸಿದರು. ಕ್ಷಣದ ವೇಗವನ್ನು ಅಳೆದು ಪೇಚಿಗೆ ಸಿಕ್ಕ ನಿದರ್ಶನ ಕರಾವಳಿಯಲ್ಲಿದೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಯಾರೋ ಅದನ್ನು ಭಾಗಿಸಿ ನೂರು ಮೀಟರಿಗೆ 9.55 ಎಂದು ಲೆಕ್ಕ ಹಾಕಿ ಉಸೇನ್ ಬೋಲ್ಟನ 9.58ರ ಪಕ್ಕದಲ್ಲಿಟ್ಟರು, ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ಗೌಡರು ಹೋಗಲಿಲ್ಲ, ಶ್ರೇಯಸ್ಸಿನಲ್ಲಿ ಕೋಣಗಳ ಪಾಲೂ ಇದೆಯೆಂದರು. ಭಾಗಾಕಾರದಲ್ಲಿ ಕೋಣಗಳು ಕಳೆದುಹೋಗಿದ್ದವು ಎಂಬುದನ್ನು ಓಡಿದವನೇ ನೆನಪಿಸಬೇಕಾಯಿತು.

ಕೋಣವಾಗಲಿ ಹೋರಿಯಾಗಲಿ ಇಂಥ ಆಟಗಳಲ್ಲಿ ಲೆಕ್ಕಕ್ಕೆ ಸಿಗದ ಕರ್ತೃ. ಸುಪ್ರೀಂ ಕೋರ್ಟು 2014ರ ಮೇ 7ರಂದು ಜಲ್ಲಿಕಟ್ಟನ್ನು ನಿಷೇಧಿಸಿದ ತೀರ್ಪಿನಲ್ಲಿ ಪ್ರಾಣಿಯ ಘನತೆಯ ಮಾತನ್ನೆತ್ತಿತು. ಕಂಬಳ ಮತ್ತು ಎತ್ತಿನ ಓಟಗಳಿಗಾಗಿ ಕರ್ನಾಟಕ ತಂದ ತಿದ್ದುಪಡಿಯನ್ನು ಎತ್ತಿಹಿಡಿದ 2023ರ ಮೇ 18ರ ಸಂವಿಧಾನ ಪೀಠವು, ಪ್ರಾಣಿಗಳಿಗೆ ಮೂಲಭೂತ ಹಕ್ಕುಗಳಿವೆಯೆನ್ನಲು ಪೂರ್ವನಿದರ್ಶನವಿಲ್ಲವೆಂದಿತು. ಇತ್ತ ಅಖಾಡದ ಬದಿಯಲ್ಲಿ ನಿಂತು ನೋಡುತ್ತಿದ್ದವರೂ ಹೋರಿ ತಿವಿದು ಸತ್ತದ್ದುಂಟು, ಅವರ ಹೆಸರೂ ಯಾವ ಬಹುಮಾನ ಪಟ್ಟಿಯಲ್ಲಿಯೂ ಬರುವುದಿಲ್ಲ. ತುರುಗಳನ್ನು ಬಿಡಿಸಲು ಹೋರಾಡಿ ಮಡಿದವನಿಗೆ ವೀರಗಲ್ಲು ನೆಟ್ಟು ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಡುತ್ತಿದ್ದ ನಾಡಿದು. ಮಂಡ್ಯ ಸೀಮೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಕಲ್ಲೊಂದು ಕಾಳಿಯೆಂಬ ಬೇಟೆನಾಯಿಯನ್ನು ಹೆಸರು ಹಿಡಿದು ಸ್ಮರಿಸುತ್ತದೆ. ಕಾಡುಹಂದಿಯೊಡನೆ ಕಾದು ಸತ್ತ ಆ ನಾಯಿಯ ಕಲ್ಲಿನ ಪೂಜೆಗೆ ಭೂಮಿಯೂ ಬಿಡಲ್ಪಟ್ಟಿತ್ತು.

ಹೋರಿಗೆ ಹಣ ಕೊಡಲಾಗದು, ಕೊಟ್ಟರೂ ಅದಕ್ಕೆ ಅದರಿಂದ ಪ್ರಯೋಜನವಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಸಂಭಾವನೆಯೆಂಬುದು ಗೆದ್ದ ದಿನದ ಹಣವಷ್ಟೇ ಅಲ್ಲ: ಭಾರತೀಯ ಕ್ರಿಕೆಟ್ ಮಂಡಳಿ ತನ್ನ ಮಾಜಿ ಆಟಗಾರರ ಮಾಸಾಶನವನ್ನು 2022ರಲ್ಲಿ ಏರಿಸಿದಾಗ, ತಿಂಗಳಿಗೆ 15,000 ರೂಪಾಯಿ ಪಡೆಯುತ್ತಿದ್ದವರಿಗೆ 30,000 ಸಿಗತೊಡಗಿತು, ಅವರಲ್ಲಿ ಎಷ್ಟೋ ಮಂದಿಯ ಹೆಸರು ಇಂದಿನ ಹುಡುಗರಿಗೆ ಗೊತ್ತೂ ಇಲ್ಲ. ಆ ಹಣ ಅವರ ಇಂದಿನ ಆಟಕ್ಕಲ್ಲ, ಹಿಂದೆ ಆಡಿದ್ದಕ್ಕೆ. ಅಖಾಡದಲ್ಲಿ ಗೆದ್ದುಕೊಟ್ಟ ಹೋರಿಯನ್ನು ಮುಪ್ಪಿನಲ್ಲಿಯೂ ಕಟ್ಟಿ ಮೇಯಿಸುವ, ಸತ್ತಾಗ ಮೆರವಣಿಗೆ ಮಾಡಿ ಹೊಲದಲ್ಲಿಯೇ ಮಣ್ಣು ಮಾಡುವ ರೈತರು ಹಾವೇರಿ ಸೀಮೆಯಲ್ಲಿದ್ದಾರೆ. ಕಾಲು ಸೋತೊಡನೆ ಸಂತೆಗೆ ಹೊಡೆಯುವವರೂ ಇದ್ದಾರೆ. ಮೊದಲಿನವರು ಬೈಕು, ಬಂಗಾರವನ್ನು ತಮ್ಮದೆಂದೇ ಇಟ್ಟುಕೊಂಡರೂ ದತ್ತಿಯ ಕ್ರಮವನ್ನು ಪಾಲಿಸಿದವರೇ ಆಗುತ್ತಾರೆ. ಎರಡನೆಯವರು ಪಡೆದದ್ದನ್ನು ಬಹುಮಾನವೆನ್ನುವುದಕ್ಕಿಂತ ಹೋರಿಯ ಹೆಸರಿನಲ್ಲಿ ಎತ್ತಿದ ಸಾಲವೆನ್ನುವುದು ಸರಿ.