ದಾಳ ಮುಟ್ಟದ ಕೈ

ಮೊನಾಕೊ ನೋಡಿಬಂದವರು ಒಂದು ಮಾತು ಹೇಳುವುದುಂಟು: "ನಾವು ಜೂಜಿನ ಮೇಜಿನ ಹತ್ತಿರವೂ ಸುಳಿಯಲಿಲ್ಲ, ಮ್ಯೂಸಿಯಂ ನೋಡಿ ಬಂದೆವು." ಆ ದನಿಯಲ್ಲಿ ಮಡಿಯುಟ್ಟವರ ಸಮಾಧಾನವಿರುತ್ತದೆ. ಆಡದೆ ನೋಡಿದ ಮಾತ್ರಕ್ಕೆ ನಾವು ಜೂಜಿನಿಂದ ದೂರ ಉಳಿದಂತಾಯಿತೆ?

ಎರಡು ಚದರ ಕಿಲೋಮೀಟರಿನಷ್ಟೇ ಇರುವ ಈ ಸಂಸ್ಥಾನ 1861ರಲ್ಲಿ ತನ್ನ ಹೆಚ್ಚಿನ ನೆಲವನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟು ಬಡವಾಗಿತ್ತು. 1863ರಲ್ಲಿ ಮಾಂಟೆ ಕಾರ್ಲೋದ ಕ್ಯಾಸಿನೋ ತಳವೂರಿತು. 1869ರ ಹೊತ್ತಿಗೆ ನಿವಾಸಿಗಳ ಮೇಲಿನ ನೇರ ತೆರಿಗೆಗಳೇ ರದ್ದಾದವು. ಸೋತವರು ಬಿಟ್ಟುಹೋದ ಹಣ ತೆರಿಗೆಯ ಜಾಗದಲ್ಲಿ ಬಂದು ಕುಳಿತಿತು. ಆದರೆ ಮೊನಾಕೊ ಪ್ರಜೆಗಳು ಮಾತ್ರ ಇಂದಿಗೂ ಅಲ್ಲಿ ಆಡುವಂತಿಲ್ಲ. ಮನೆಯವರಿಗೆ ಕೆಟ್ಟದ್ದು ಹೊರಗಿನವರಿಗೆ ಆಗಬಹುದು ಎಂಬ ನ್ಯಾಯವಿದು!

ಆ ಆದಾಯದ ಮೇಲೆ ಆಳಿದ ಒಂದನೆಯ ಆಲ್ಬರ್ಟನ ಒಲವೆಲ್ಲ ಕಡಲಿನ ಕಡೆಗೆ. ಸಮುದ್ರದಂಚಿನ ಬಂಡೆಯ ಮೇಲೆ ಆತ ಕಟ್ಟಿಸಿ 1910ರಲ್ಲಿ ತೆರೆದ ಸಮುದ್ರವಿಜ್ಞಾನ ಮ್ಯೂಸಿಯಂನಲ್ಲಿ ತಿಮಿಂಗಿಲದ ಅಸ್ಥಿಪಂಜರವಿದೆ, ಜೀವಂತ ಮೀನುಗಳ ತೊಟ್ಟಿಗಳಿವೆ. 1901ರಲ್ಲಿ ಆತನ ಹಡಗಿನಲ್ಲಿ ಹೋದ ಶಾರ್ಲ್ ರಿಶೆ ಮತ್ತು ಪೋಲ್ ಪೋರ್ತಿಯೆ ಕಡಲಜೀವಿಗಳ ವಿಷವನ್ನು ಪರೀಕ್ಷಿಸತೊಡಗಿದರು. ಮೊದಲ ಸಲ ತಾಳಿಕೊಂಡ ವಿಷದ ಅಲ್ಪಾಂಶವೇ ಎರಡನೆಯ ಸಲ ಪ್ರಾಣ ತೆಗೆಯಬಲ್ಲದು ಎಂಬ ತಿಳಿವು ಆ ಕೆಲಸದಿಂದ ಹುಟ್ಟಿತು. 1913ರಲ್ಲಿ ರಿಶೆಗೆ ನೊಬೆಲ್ ಬಹುಮಾನ ಬಂತು. ಪೆನಿಸಿಲಿನ್ ಕೊಡುವ ಮುನ್ನ ವೈದ್ಯರು ತುಸುವೇ ಚುಚ್ಚಿ ಕಾಯುತ್ತಾರಲ್ಲ, ಆ ಎಚ್ಚರಿಕೆಯ ಹಿಂದೆ ಈ ತಿಳಿವಿದೆ. ಮೊನಾಕೊ ಕಾಣದ ನಾವೂ ಹೀಗೆ ಆ ಸಾಲದ ಪಾಲುದಾರರೇ.

ಹಾಗಾದರೆ ಮ್ಯೂಸಿಯಂಗೆ ಹೋಗಬಾರದೆ? ಹೋಗಬೇಕು. ಇಂದು ಆ ಸರ್ಕಾರದ ಆದಾಯದಲ್ಲಿ ಜೂಜಿನ ಪಾಲು ಅಲ್ಪವೆಂಬುದೂ ನಿಜ. ಹಣದ ಮೂಲ ಕೆಟ್ಟದ್ದೆಂದು ಅರಿವನ್ನು ಎಸೆಯಲಾಗದು. ಅರಿವು ಒಳ್ಳೆಯದೆಂದು ಮೂಲವನ್ನು ಮರೆಯಲೂ ಆಗದು. ಕೌರವರ ಸಭೆಯಲ್ಲಿ ಭೀಷ್ಮದ್ರೋಣರು ದಾಳ ಮುಟ್ಟಲಿಲ್ಲ. ಆದರೂ ದ್ರೌಪದಿಯ ಪ್ರಶ್ನೆ ಆಡಿದವರನ್ನಷ್ಟೇ ಅಲ್ಲ, ಸುಮ್ಮನೆ ಕುಳಿತವರನ್ನೂ ತಟ್ಟಿತು.

ದೂರದ ಮೊನಾಕೊವನ್ನೇಕೆ ಆಡಿಕೊಳ್ಳಬೇಕು? ಕರ್ನಾಟಕದಲ್ಲಿ ಲಾಟರಿ ನಿಷೇಧವಾದದ್ದು 2007ರಲ್ಲಿ. ಅಲ್ಲಿಯವರೆಗೆ ಟಿಕೆಟ್ ಕೊಳ್ಳದ ನಾವು ಬೀಗಿದೆವು. ಆ ಹಣ ಸೇರಿದ ಬೊಕ್ಕಸದಿಂದಾದ ರಸ್ತೆಗಳಲ್ಲೇ ನಡೆದೆವು. ಆಡದಿರುವುದು ಒಳ್ಳೆಯದೇ. ಆದರೆ ಅದನ್ನು ಪುಣ್ಯವೆಂದು ಲೆಕ್ಕಕ್ಕೆ ಬರೆದುಕೊಳ್ಳುವ ಮುನ್ನ, ಸೋತು ಎದ್ದುಹೋದವನು ಯಾರೆಂದು ಒಮ್ಮೆ ನೆನೆಯುವುದು ನಮ್ಮ ಪಾಲಿನ ಕರ್ತವ್ಯ.